ನಮ್ಮೂರ ಬಾಳೆಮೀನಿಗೆ ಗಾಳ

ಶಿಸ್ತು ಒಂದಿದ್ದರೆ ಮನುಷ್ಯನಿಗೆ ಸಿಗದ ವಸ್ತು ಯಾವುದೂ ಇಲ್ಲ, ಮೀನು ಸಹ, ಎಂದು ನಾನು ನಂಬಿದ್ದೆ.

ನಂಬುವುದಕ್ಕೆ ಕಾರಣವೂ ಇತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಸಾಲಿನಲ್ಲಿ ನಿಲ್ಲದ ಎಂಥೆಂಥ ಹುಡುಗರನ್ನೋ ಸಾಲಿನಲ್ಲಿ ನಿಲ್ಲಿಸಿದ್ದೇನೆ. ನಿವೃತ್ತಿಯಾದ ಮೇಲೂ ನಸುಕಿನಲ್ಲೇ ಏಳುತ್ತೇನೆ. ಹೊದಿಕೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತೇನೆ. ಬಾವಿಯಿಂದ ನೀರು ಸೇದುವಾಗಲೂ ಎಡಗೈ ಬಲಗೈ ಒಂದು ಲಯದಲ್ಲಿರುತ್ತವೆ. ನನ್ನ ಹೆಂಡತಿ ರುದ್ರಮ್ಮ, "ನೀವು ಆಕಳಿಸಿದ್ರೂ ಸೀಟಿ ಊದಿದಂಗ ಇರ್ತೈತ್ರಿ" ಎನ್ನುತ್ತಾಳೆ. ಇದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಅಕ್ಕ ಹುಲಿಗೆಮ್ಮ ಊಟ ಬಿಟ್ಟಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಅಂಗಿ ಹಾಕಿಕೊಳ್ಳಲೂ ಬಾರದ ಕೂಸು. ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಅವಳೇ. ಗಂಡ ಹೋದ ಮೇಲೆ, ಮಕ್ಕಳೂ ಇಲ್ಲದ್ದರಿಂದ, ನಮ್ಮ ಮನೆಯಲ್ಲೇ ಇದ್ದಳು. ಈಗ ದಿನದಿಂದ ದಿನಕ್ಕೆ ಸವೆಯುತ್ತಿದ್ದಳು. ಹೊರಸಿನ ಮೇಲೆ ಹೊದಿಕೆ ಇದೆಯೋ, ಹೊದಿಕೆಯ ಕೆಳಗೆ ಅಕ್ಕ ಇದ್ದಾಳೋ ಎಂದು ಮುಟ್ಟಿ ನೋಡಬೇಕಾಗಿತ್ತು. ದವಾಖಾನೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ದೊಡ್ಡ ರೋಗ ಅಂತ ಏನೂ ಕಾಣಲ್ಲ ಮಾಸ್ತರೇ. ಆದ್ರೆ ಹೊಟ್ಟೆಗೆ ಏನೂ ಹೋಗದಿದ್ರೆ ಮಳೆಗಾಲ ಕಾಣೋದು ಕಷ್ಟ" ಎಂದರು.

ಅಂದರೆ ಔಷಧದ ಕೆಲಸ ಮುಗಿದಿತ್ತು. ಇನ್ನು ಶಿಸ್ತಿನ ಕೆಲಸ! ನಾನು ಅಕ್ಕನ ಊಟಕ್ಕೆ ವೇಳಾಪಟ್ಟಿ ಮಾಡಿದೆ. ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನ, ಸಂಜೆ ಹಾಲು. ಬಟ್ಟಲು ಹಿಡಿದು ಹೊರಸಿನ ಪಕ್ಕ ನೆಟ್ಟಗೆ ನಿಂತು, "ಅಕ್ಕಾ, ಊಟದ ಹೊತ್ತು" ಎಂದೆ. ಅಕ್ಕ ಗೋಡೆಯ ಕಡೆ ಹೊರಳಿದಳು. ನನ್ನ ಇಡೀ ಸೇವಾವಧಿಯಲ್ಲಿ ಯಾರೂ ನನಗೆ ಹೀಗೆ ಬೆನ್ನು ತೋರಿಸಿ ಮಲಗಿರಲಿಲ್ಲ!

ಯುಗಾದಿ ಮುಗಿದು ಬಿಸಿಲು ಬಲಿಯಿತು. ಒಂದು ಮಧ್ಯಾಹ್ನ ಅಕ್ಕ ಗೋಡೆಗೆ ಮುಖ ಮಾಡಿಕೊಂಡೇ, "ಮರಿಯಾ, ಬಾಳೆಮೀನು ತಿನ್ನಬೇಕು ಅನಸ್ತೈತಲೇ" ಎಂದಳು.

ನನ್ನ ಹೆಸರು ಮರಿಯಪ್ಪ. ಬಾಳೆಮೀನು ಎಂದರೆ ಅಗಲ ಬಾಯಿಯ, ಉದ್ದ ಮೈಯ, ನೀರಿನ ತಳದಲ್ಲೇ ಓಡಾಡುವ ದೊಡ್ಡ ಮೀನು. ನಾನು ಅಂಗಿ ತೊಟ್ಟು ಸಂತೆಗೆ ಓಡಿದೆ. ರುದ್ರಮ್ಮ ಹುಣಸೆಹುಳಿ, ಬೆಳ್ಳುಳ್ಳಿ ಹಾಕಿ ಕುದಿಸಿದಳು. ಓಣಿಯ ಬೆಕ್ಕುಗಳೆಲ್ಲ ನಮ್ಮ ಬಾಗಿಲಿಗೆ ಹಾಜರಾದವು. ಅಕ್ಕ ಮಾತ್ರ ಮೂಸಿ ನೋಡಿ, "ಎಲ್ಲೀದಿದು?" ಎಂದಳು.

"ಡ್ಯಾಮಿಂದು ಅಕ್ಕಾ."

"ಡ್ಯಾಮಿನ ಮೀನು ನನಗ್ಯಾಕ? ನಮ್ಮೂರಿಂದು ಬೇಕು."

ಕಷ್ಟವಿದ್ದದ್ದು ಇಲ್ಲಿ. ನಮ್ಮೂರು ಇರುವುದೇ ಡ್ಯಾಮಿನೊಳಗೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ಊರಿನವರಿಗೆಲ್ಲ ತಂಬ್ರಹಳ್ಳಿಯ ಆಚೆ ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಟ್ಟರು. ಹಳೇ ಊರು ನೀರಿನ ಕೆಳಗೆ ಹಾಗೇ ಉಳಿಯಿತು.

"ಅಕ್ಕಾ, ನಮ್ಮೂರು ಡ್ಯಾಮಿನಾಗ ಐತಿ. ಡ್ಯಾಮಿನ ಮೀನಂದ್ರ ನಮ್ಮೂರ ಮೀನೇ."

"ಹಂಗಾರ ಹೊಸಪೇಟಿ ಮಂದೀನೂ ನಾವೂ ಒಂದೇ ಊರವರೇನಲೇ?"

ರುದ್ರಮ್ಮ ಸಹಾಯಕ್ಕೆ ಬಂದಳು. "ಮೀನೇನು ರೇಷನ್ ಕಾರ್ಡ್ ಮಾಡಿಸ್ಕೊಂಡಿರ್ತಾವೇನ್ರಿ ಅಕ್ಕಾರ, ಇಂಥಾ ಊರಿಂದು ಅಂತ ಹೇಳಾಕ?"

"ನಮ್ಮನಿ ಹಿಂದ ಸಿಹಿನೀರ ಬಾವಿ ಇತ್ತಲ್ಲ," ಎಂದಳು ಅಕ್ಕ. "ಬ್ಯಾಸಿಗಿ ಬಂತಂದ್ರ ಅದರಾಗ ತಂಪಿರ್ತೈತಿ. ದೊಡ್ಡ ಮೀನು ಅಲ್ಲೇ ಹೊಕ್ಕೊಂಡಿರ್ತಾವ. ತರೋದಾದ್ರ ಅದನ್ನ ತಾ. ಇಲ್ಲಂದ್ರ ನನ್ನ ಪಾಡಿಗೆ ನನ್ನ ಬಿಡು."

ಮತ್ತೆ ಗೋಡೆ.

ಬಿಸಿಲಿಗೆ ನೀರು ಕಾಯುತ್ತದೆ. ದೊಡ್ಡ ಮೀನು ಆಳಕ್ಕೆ ಹೋಗುತ್ತದೆ. ನಮ್ಮೂರಲ್ಲಿ ಬಾವಿಗಿಂತ ಆಳದ ಜಾಗ ಇನ್ನೊಂದಿಲ್ಲ. ಅಕ್ಕನ ಮಾತಿನಲ್ಲಿ ನನಗೆ ಪೂರ್ತಿ ತರ್ಕ ಕಾಣಿಸಿತು. ಅನಾಹುತ ಶುರುವಾದದ್ದೇ ಅಲ್ಲಿಂದ.

ನಮ್ಮ ಕಡೆ ಗಾಳ ಹಾಕುವವರು ಎರೆಹುಳು ಚುಚ್ಚಿ, ನೀರಿಗೆ ಬಿಟ್ಟು, ಬೀಡಿ ಹಚ್ಚಿ ಕೂತುಬಿಡುತ್ತಾರೆ. ಇಂಥ ಸೋಮಾರಿತನ ನನಗೆ ಒಗ್ಗುವುದಿಲ್ಲ. ಹಿಂದೆ ತರಬೇತಿಗೆ ಹೋಗಿದ್ದಾಗ ಒಂದು ದೊಡ್ಡ ಕೆರೆಯಲ್ಲಿ ಬೇರೆಯದೇ ಪದ್ಧತಿಯನ್ನು ನೋಡಿದ್ದೆ. ಸೀಸದ ಗುಂಡು ಕಟ್ಟಿದ ಗಾಳಕ್ಕೆ ಹೊಳೆಯುವ ತಗಡಿನ ಚೂರು ಸಿಕ್ಕಿಸಿ ತಳ ಮುಟ್ಟುವವರೆಗೆ ಬಿಡಬೇಕು. ಮೊಳದಷ್ಟು ಎತ್ತಬೇಕು, ಮತ್ತೆ ಇಳಿಸಬೇಕು. ಗಾಯಗೊಂಡ ಸಣ್ಣ ಮೀನೊಂದು ತಳದಲ್ಲಿ ಒದ್ದಾಡುತ್ತಿದೆ ಎಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ. ಎತ್ತು, ಇಳಿಸು. ಎತ್ತು, ಇಳಿಸು. ಇದು ಡ್ರಿಲ್ ಅಲ್ಲದೆ ಮತ್ತೇನು? ಜಗತ್ತಿನಲ್ಲಿ ನನಗಾಗಿಯೇ ಹುಟ್ಟಿದ ವಿದ್ಯೆ ಒಂದಿದ್ದರೆ ಇದೇ ಎನ್ನಿಸಿತು.

ಹೊಳೆಯುವ ತಗಡಿಗಾಗಿ ರುದ್ರಮ್ಮನ ಸ್ಟೀಲ್ ಚಮಚವೊಂದನ್ನು ಕತ್ತರಿಸಿದೆ. "ನಮ್ಮ ತೌರುಮನಿಯವರು ಕೊಟ್ಟಿದ್ದರೀ ಅದು! ನಿಮ್ಮ ಸೀಟಿ ಕತ್ತರಿಸಬೇಕಿತ್ತು!" ಎಂದು ಅವಳು ಕೂಗಾಡಿದಳು. ಸೀಟಿ ಸರ್ಕಾರದ್ದು. ನಾನು ನಿಯಮ ಮೀರುವವನಲ್ಲ.

ಮಾಳಿಗೆಯ ಮೇಲೆ ನಿಂತು ಕೆಳಗಿನ ಹಿತ್ತಲಿಗೆ ದಾರ ಬಿಟ್ಟು ಅಭ್ಯಾಸ ಆರಂಭಿಸಿದೆ. ಎತ್ತು, ಇಳಿಸು. ಗಾಳಿ ಬೀಸಿತು. ಗಾಳ ಪಕ್ಕದ ಹಿತ್ತಲಿಗೆ ಹಾರಿ, ಒಣಹಾಕಿದ್ದ ಲುಂಗಿಯನ್ನು ಕಚ್ಚಿಕೊಂಡು ಬಂತು. ಕೆಳಗಿನಿಂದ ಪಕ್ಕದ ಮನೆಯ ಫಕೀರಸಾಬರು, "ಮಾಸ್ತರ, ಲುಂಗಿ ಬೇಕಿದ್ರ ಬಾಗಲಕ್ಕ ಬಂದು ಕೇಳ್ರಿ, ಕೊಡ್ತೀನಿ!" ಎಂದರು. ಗಾಳ ಹಿಡಿಯುತ್ತದೆ ಎಂಬುದಂತೂ ಸಿದ್ಧವಾಯಿತು. ನನ್ನ ಧೈರ್ಯ ಇಮ್ಮಡಿಯಾಯಿತು.

ಹೊಸ ಊರಿನಲ್ಲಿ ನನ್ನ ಬಾಲ್ಯದ ಗೆಳೆಯ ದುರುಗಪ್ಪ ಇದ್ದಾನೆ. ನಮ್ಮ ಕೇರಿಯವನೇ. ಕುರಿ ಕಾಯ್ದು ಬಾಳಿದವನು. ನೀರಿಗೂ ಅವನಿಗೂ ಕುರಿಗೆ ಕುಡಿಸುವಷ್ಟೇ ಸಂಬಂಧ. ಆದರೆ ಅವನ ಅಳಿಯನದೊಂದು ಹರಿಗೋಲು ದಡದಲ್ಲಿತ್ತು. ಬಿದಿರಿನ ದೊಡ್ಡ ಬುಟ್ಟಿಗೆ ಡಾಂಬರು ಬಳಿದು ದೋಣಿ ಎಂದು ಕರೆದರೆ ಅದೇ ಹರಿಗೋಲು. ಅಳಿಯ ಮದುವೆಗೆಂದು ಹೊಳಲಿಗೆ ಹೋಗಿದ್ದ. ನಾವು ಅದನ್ನು ನೀರಿಗಿಳಿಸಿದೆವು.

"ಈಜು ಬರ್ತೈತೇನೋ ಮಾಸ್ತರ ನಿನಗ?" ಎಂದು ದುರುಗಪ್ಪ ಕೇಳಿದ.

"ಕಲಿಸೀನಿ," ಎಂದೆ. ಇದು ನಿಜ. ಈಜುವ ಭಂಗಿಗಳನ್ನೆಲ್ಲ ಹುಡುಗರಿಗೆ ಮೈದಾನದಲ್ಲಿ ಕಲಿಸಿದ್ದೆ. ನೀರಿನಲ್ಲಿ ಪ್ರಯೋಗಿಸುವ ಸಂದರ್ಭ ಬಂದಿರಲಿಲ್ಲ.

ಬೇಸಿಗೆಯಾದ್ದರಿಂದ ಹಿನ್ನೀರು ಬಹಳ ಇಳಿದಿತ್ತು. ದಡದಿಂದ ದೂರದಲ್ಲಿ ನಮ್ಮೂರ ಹನುಮಪ್ಪನ ಗುಡಿಯ ಶಿಖರ ನೀರಿನಿಂದ ಮೇಲೆದ್ದು ಕಾಣುತ್ತಿತ್ತು. ಅದರ ಮೇಲೊಂದು ನೀರುಕಾಗೆ ರೆಕ್ಕೆ ಒಣಗಿಸುತ್ತ ಕೂತಿತ್ತು. ಅಷ್ಟು ದೂರಕ್ಕೆ ಬೇರೇನೂ ಕಾಣುತ್ತಿರಲಿಲ್ಲ. ಎಲ್ಲ ದಿಕ್ಕಿಗೂ ಬೂದು ನೀರು. ನಾನು ಹುಟ್ಟಿದ ಮನೆ, ಅಕ್ಕ ಮದುವೆಯಾದ ಹಂದರ, ಅವ್ವನನ್ನು ಮಣ್ಣು ಮಾಡಿದ ಜಾಗ, ಎಲ್ಲ ಅದರ ಕೆಳಗೆ. ದುರುಗಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ.

ಹುಟ್ಟು ನಿಲ್ಲಿಸಿದ್ದೇ ತಡ, ಹರಿಗೋಲು ತನ್ನಷ್ಟಕ್ಕೆ ತಾನೇ ಗರಗರ ತಿರುಗತೊಡಗಿತು.

"ಹನುಮಪ್ಪಗ ಪ್ರದಕ್ಷಿಣಿ ಹಾಕ್ತೈತೋ!" ಎಂದು ದುರುಗಪ್ಪ ಕೈ ಮುಗಿದ. ಅವನು ಪ್ರದಕ್ಷಿಣೆ ಎಂದದ್ದು ಬರೀ ನಮ್ಮ ಸುತ್ತ ನಾವೇ ತಿರುಗಿದ್ದು. ನಮ್ಮ ಕೇರಿಯವರನ್ನು ಆ ಗುಡಿಯ ಹೊಸ್ತಿಲಿಗೂ ಬಿಡುತ್ತಿರಲಿಲ್ಲ. ಈಗ ಅದರ ಕಳಸದ ಎತ್ತರಕ್ಕೆ ತೇಲುತ್ತಿದ್ದೆವು. ತಲೆ ಸುತ್ತುತ್ತಿದ್ದದ್ದರಿಂದ ಅದರ ಸಂತೋಷ ಅನುಭವಿಸಲಾಗಲಿಲ್ಲ.

ತಿರುಗುವುದು ನಿಂತ ಮೇಲೆ ನಾನು ಸಿಹಿನೀರ ಬಾವಿಯ ದಿಕ್ಕಿಗೆ ಕೈ ತೋರಿಸಿ, "ನೇರ ನಡೆ!" ಎಂದೆ.

"ನೇರ ಹೆಂಗ ಹೋಗಾಕ ಬರ್ತೈತಿ?" ಎಂದ ದುರುಗಪ್ಪ. "ನೇರ ಹೋದ್ರ ಪೂಜಾರಪ್ಪನ ಮನಿ ಅಂಗಳ ಹಾಯಬೇಕಾಕ್ಕೈತಿ. ಬೈಯ್ತಾನವ. ಓಣಿ ಹಿಡದು ಹೋಗೋಣು."

ಓದುಗರು ಇಲ್ಲಿ ನನ್ನಿಂದ ಒಂದು ಬುದ್ಧಿಮಾತನ್ನು ನಿರೀಕ್ಷಿಸುವುದು ಸಹಜ. ಪೂಜಾರಪ್ಪ ಸತ್ತು ಎಷ್ಟೋ ಕಾಲವಾಯಿತು, ಅಂಗಳ ನೀರಿನ ಕೆಳಗಿದೆ, ಇತ್ಯಾದಿ. ನಾನು ಹೇಳಿದ್ದು ಇಷ್ಟೇ: "ಹೌದು ನೋಡು. ಹಂಗಾರ ಎಡಕ್ಕ ಹೊರಳು."

ಹೀಗೆ ಕಣ್ಣು ಹರಿಯುವಷ್ಟು ದೂರ ಅಡ್ಡಿಯೇ ಇಲ್ಲದ ನೀರಿನಲ್ಲಿ, ಇಬ್ಬರು ಮುದುಕರು ಓಣಿಯಿಂದ ಓಣಿಗೆ ಹೊರಳುತ್ತ ಹೊರಟೆವು. ಕುಂಬಾರರ ಮನೆಯ ಮೂಲೆಗೆ ಬಲಕ್ಕೆ. ಗಿರಣಿಯ ಹತ್ತಿರ ಎಡಕ್ಕೆ. ಒಂದು ಕಡೆ ನಾನು ಸ್ವಲ್ಪ ಅಡ್ಡ ಹಾಯಲು ನೋಡಿದೆ. "ಏ, ಅದು ನಮ್ಮ ಸಣ್ಣತ್ತಿ ಮನಿ ಮಾಳಗಿ! ಮಣ್ಣು ಉದರ್ತೈತಿ!" ಎಂದು ದುರುಗಪ್ಪ ಗದರಿದ. ನಾನು "ತಪ್ಪಾತು" ಎಂದು ಹಿಂದಕ್ಕೆ ಬಂದೆ. ದೂರದಲ್ಲಿ ಬಲೆಗಾರರ ಹರಿಗೋಲೊಂದು ನಿಂತಿತ್ತು. ಅದರಲ್ಲಿದ್ದವರು ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು.

ನಮ್ಮ ಮನೆಯ ಹಿಂದಿನ ದೊಡ್ಡ ಹುಣಸೆಮರದ ಒಣ ತುದಿ ನೀರಿನ ಮೇಲೆ ಚಾಚಿತ್ತು. ಅದರ ಪಕ್ಕವೇ ಬಾವಿ. ನಾನು ಗಾಳ ಬಿಟ್ಟೆ. ದಾರ ಓಡಿತು, ಓಡಿತು, ಓಡಿತು. ನಮ್ಮ ಬಾವಿಯೇ ಸೈ!

ತಳ ಮುಟ್ಟಿದ ಮೇಲೆ ಡ್ರಿಲ್ ಆರಂಭವಾಯಿತು. ಎತ್ತು, ಇಳಿಸು. ಬೆನ್ನು ನೆಟ್ಟಗೆ, ಮೊಣಕೈ ಪಕ್ಕೆಗೆ, ದೃಷ್ಟಿ ಮುಂದಕ್ಕೆ. ಬಿಸಿಲೇರಿತು. ಮೀನಿನ ಸುಳಿವಿಲ್ಲ.

"ಮಾಸ್ತರ," ಎಂದ ದುರುಗಪ್ಪ, "ಸಾಯಾಕ ಬಿದ್ದ ಮೀನು ಹಿಂಗ ತಾಳ ಹಿಡದು ಒದ್ದಾಡತೈತೇನಲೇ?"

"ನೀ ಸುಮ್ನ ಕುಂದ್ರು. ಇದಕ್ಕ ಪದ್ಧತಿ ಅಂತ ಐತಿ."

ಪದ್ಧತಿ ಮುಂದುವರಿಯಿತು. ನನ್ನ ಕೈ ಸೋತಿತು, ನಡು ಸೋತಿತು, ತಾಳ ಮಾತ್ರ ತಪ್ಪಲಿಲ್ಲ. ಕಣ್ಣೆದುರಿಗೆ ಅಕ್ಕನ ಹೊರಸು ಬರುತ್ತಿತ್ತು. ಬರಿಗೈಯಲ್ಲಿ ಹೋದರೆ ಅವಳು ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ, ಈ ಸಲ ಈ ಕಡೆ ತಿರುಗದೇ ಹೋಗಬಹುದು ಎಂದು ಹೆದರಿಕೆಯಾಗುತ್ತಿತ್ತು. ಅಷ್ಟರಲ್ಲಿ ಡಾಂಬರಿನ ಘಾಟಿಗೋ ಬಿಸಿಲಿಗೋ ನನಗೊಂದು ಭಾರಿ ಸೀನು ಬಂತು. ಕೈ ಅಡ್ಡಾದಿಡ್ಡಿ ಹಾರಿತು. ಬೆಳಗಿನಿಂದ ಮೊದಲ ಬಾರಿಗೆ ತಾಳ ತಪ್ಪಿತು.

ಮೀನು ಕಚ್ಚಿದ್ದು ಆಗ!

"ಬಿತ್ತೋ! ಬಿತ್ತೋ!" ಎಂದು ಕಿರುಚಿದೆ. ಅದು ಮೀನೋ ಎಮ್ಮೆಯೋ ತಿಳಿಯದಂಥ ಎಳೆತ. ದಾರವನ್ನು ಕೈಗೆ ಸುತ್ತಿಕೊಂಡಿದ್ದೆ, ಬಿಡುವಂತಿರಲಿಲ್ಲ. ಅಂಗೈ ಕೊಯ್ದು ರಕ್ತ ಬಂತು. ನಾನು ಮೀನನ್ನು ಎಳೆಯುವ ಬದಲು ಮೀನೇ ನಮ್ಮನ್ನು ಹರಿಗೋಲಿನ ಸಮೇತ ಎಳೆದುಕೊಂಡು ಹೊರಟಿತು. ಒಮ್ಮೆ ಮೇಲೆ ಬಂದು ಮಗುಚಿಕೊಂಡಿತು. ಬೆಳ್ಳಗಿನ ಹೊಟ್ಟೆ, ಅಗಲವಾದ ಬಾಯಿ, ಬಾಯಲ್ಲಿ ರುದ್ರಮ್ಮನ ತೌರುಮನೆಯ ಚಮಚ. ಬಾಳೆಮೀನು! ನಮ್ಮೂರದ್ದೇ, ನಮ್ಮ ಬಾವಿಯದ್ದೇ! ಇನ್ನು ಅಕ್ಕ ಬೇಡ ಎನ್ನುವಂತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಆ ಮೀನು ಓಣಿಯ ತಿರುವಿನಲ್ಲಿ ಬಲಕ್ಕೆ ಹೊರಳಿತು. ಎದುರಿಗೆ ಕಲ್ಲಿನ ದೀಪದ ಕಂಬವೊಂದರ ತುದಿ ಗೇಣಿನಷ್ಟು ನೀರಿನಿಂದ ಮೇಲೆ ಕಂಡಿತು.

ದುರುಗಪ್ಪ ಆ ಕಂಬ ನೋಡಿದ. ಹುಟ್ಟನ್ನು ಕೆಳಗಿಟ್ಟ. ತಲೆಯ ರುಮಾಲು ತೆಗೆದು ಬಗಲಿಗೆ ಸಿಕ್ಕಿಸಿಕೊಂಡ. ಎದ್ದು ನಿಂತ.

ಅದು ಊರಿಗೇ ಎತ್ತರದ ಜಾಗದಲ್ಲಿದ್ದ ನಮ್ಮೂರ ಗೌಡರ ಮನೆ. ಅದರ ಮುಂದೆ ನಮ್ಮ ಕೇರಿಯವರು ಯಾರೂ ಗಾಡಿಯಲ್ಲಿ ಕೂತು ಹಾಯುವಂತಿರಲಿಲ್ಲ. ಇಳಿಯಬೇಕು, ರುಮಾಲು ತೆಗೆಯಬೇಕು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಾಟಬೇಕು. ಮನೆಯ ಮುಂದೆ ಎತ್ತರವಾದ ಕಲ್ಲಿನ ಕಟ್ಟೆ. ಗೌಡರು ಅದರ ಮೇಲೆ ಕೂತು ದಾಟುವವರನ್ನು ನೋಡುತ್ತಿದ್ದರು.

"ಕುಂದ್ರಲೇ ದುರುಗ್ಯಾ! ಮುಳುಗಿಸ್ತಿ!"

"ಗೌಡ್ರ ಮನೀಲೇ! ಎದ್ದೇಳು!"

ನಾನು ಓದಿದವನು. ಪಗಾರ ತಿಂದವನು. ಆ ಗೌಡರ ಮೊಮ್ಮಗನನ್ನೇ, ಷೂ ಹಾಕಿಕೊಂಡು ಬರಲಿಲ್ಲವೆಂದು, ಬಿಸಿಲಿನಲ್ಲಿ ಮೈದಾನ ಸುತ್ತಿಸಿದವನು. ಮುಳುಗಿಹೋದ ಮನೆಯ ಮುಂದೆ, ಕೈಯಲ್ಲಿ ಅಕ್ಕನ ಜೀವ ಉಳಿಸುವ ಮೀನನ್ನು ಹಿಡಿದುಕೊಂಡು, ನಾನೇನು ಮಾಡಿದೆ?

ನಾನೂ ಎದ್ದು ನಿಂತೆ!

ಯಾರೂ ಆಜ್ಞೆ ಕೊಡಲಿಲ್ಲ. ಸೀಟಿ ಊದಲಿಲ್ಲ. ಕಾಲುಗಳು ತಾವೇ ಎದ್ದವು. ಹರಿಗೋಲಿನಲ್ಲಿ ಒಬ್ಬ ನಿಂತರೆ ಅಪಾಯ. ಇಬ್ಬರು ನಿಂತರೆ ಏನಾಗಬೇಕೋ ಅದೇ ಆಯಿತು. ಆಕಾಶ ಕೆಳಗೆ ಬಂತು, ನೀರು ಮೇಲೆ ಹೋಯಿತು. ದಾರ ಕೈಯಿಂದ ಕಿತ್ತುಕೊಂಡು ಹೋಯಿತು.

ಮೈದಾನದಲ್ಲಿ ಕಲಿಸಿದ ಎಲ್ಲ ಭಂಗಿಗಳನ್ನೂ ಕ್ರಮವಾಗಿ ಪ್ರಯೋಗಿಸಿದೆ. ಒಂದೂ ನಡೆಯಲಿಲ್ಲ. ಪ್ರಾಣ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಕಾಲಿಗೆ ಗಟ್ಟಿ ನೆಲ ಸಿಕ್ಕಿತು. ನಿಂತೆ. ನೀರು ಎದೆಯವರೆಗೆ ಮಾತ್ರ. ಪಕ್ಕದಲ್ಲಿ ದುರುಗಪ್ಪ ಕೆಮ್ಮುತ್ತ, ಉಗುಳುತ್ತ ಎದ್ದು ನಿಂತ. ಪಾಚಿಗಟ್ಟಿದ ಚಪ್ಪಡಿಯ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡೆವು.

"ಉಳಿದ್ವಿ ದುರುಗಪ್ಪಾ!"

ಅವನು ಕಾಲಿನಿಂದ ಕೆಳಗೆ ತಡವಿ ನೋಡಿದ. ಅವನ ಮುಖದ ಕಳೆಯೇ ಹೋಯಿತು. "ಮಾಸ್ತರ," ಎಂದ ಮೆಲ್ಲಗೆ, "ಗೌಡ್ರ ಕಟ್ಟಿ ಮ್ಯಾಲ ನಿಂತೀವೋ."

"ನಿಂತ್ರೇನಾತು?"

"ಚಪ್ಪಲಿ ಹಾಕ್ಕೊಂಡು ನಿಂತೀವೋ! ಇಳಿ, ಇಳಿ, ಕೆಳಗಿಳಿ!"

ನಾನು ಬಾಯಿ ತೆರೆಯುವ ಮುನ್ನ ಅವನು ಇಳಿದೇ ಬಿಟ್ಟ. ಕಟ್ಟೆಯ ಕೆಳಗೆ ಓಣಿ. ಓಣಿಯಲ್ಲಿ ಆಳುದ್ದಕ್ಕಿಂತ ಹೆಚ್ಚಿನ ನೀರು. ದುರುಗಪ್ಪ ಪೂರ್ತಿ ಕಾಣೆಯಾದ. ಮೇಲೆ ಬಂದ ಅವನ ರುಮಾಲಿನ ತುದಿ ಹಿಡಿದು ಜಗ್ಗಿದೆ. ರುಮಾಲಿನ ಹಿಂದೆ ಅವನ ಕೈ ಬಂತು, ಕೈಯ ಹಿಂದೆ ಅವನು ಬಂದ.

"ಇಲ್ಲೇ ನಿಂದ್ರಲೇ ಹುಚ್ಚಾ!"

"ನಿಂದ್ರತೀನೋ. ಚಪ್ಪಲಿ ಅಂತೂ ಹೋದ್ವು," ಎಂದ. ಅವನ ದನಿಯಲ್ಲಿ ನೆಮ್ಮದಿಯಿತ್ತು. ಆಮೇಲೆ ನನ್ನ ಕಾಲಿನ ಕಡೆ ಕಣ್ಣು ಹಾಯಿಸಿದ. ನೀರಿನೊಳಗೆ ಏನೂ ಕಾಣುತ್ತಿರಲಿಲ್ಲ. ಆದರೂ ನಾನು ಒಂದೊಂದಾಗಿ ಎರಡನ್ನೂ ಕಳಚಿ ಕೈಯಲ್ಲಿ ಹಿಡಿದುಕೊಂಡೆ.

ಬಲೆಗಾರರು ಬಂದು ನಮ್ಮನ್ನು ಹರಿಗೋಲಿಗೆ ಎಳೆದುಕೊಂಡರು. ಮಗುಚಿದ್ದನ್ನು ಹಿಂದೆ ಕಟ್ಟಿಕೊಂಡರು. ಅವರಲ್ಲಿ ಹಿರಿಯನಾದವನು, "ಅಜ್ಜಾರ, ಮುಂಜಾನಿಂದ ನೋಡಾಕತ್ತೀವಿ. ಬಯಲಿನಂಥಾ ನೀರಿನಾಗ ಎಡಕ್ಕ ಬಲಕ್ಕ ಹೊರಳಾಡ್ತಿದ್ರಿ. ಏನು ಹುಡುಕ್ತಿದ್ರಿ?" ಎಂದ.

"ದಾರಿ," ಎಂದ ದುರುಗಪ್ಪ.

ಬಲೆಗಾರ ನಮ್ಮ ಸ್ಥಿತಿ ನೋಡಿ ಮರುಗಿದ. ತನ್ನ ಬುಟ್ಟಿಯಿಂದ ಒಳ್ಳೆಯ ಬಾಳೆಮೀನೊಂದನ್ನು ತೆಗೆದು ಕೊಡಲು ಬಂದ. ನಾನು ನಡುಗುತ್ತಲೇ, "ಇದನ್ನ ಯಾವೂರ ಮ್ಯಾಲ ಹಿಡಿದ್ರಿ?" ಎಂದು ಕೇಳಿದೆ. ಅವನು ಮುಳುಗಿದ ಇನ್ನೊಂದು ಊರಿನ ದಿಕ್ಕಿಗೆ ಕೈ ತೋರಿಸಿದ. "ಹಂಗಾರ ಬ್ಯಾಡ್ರಿ. ಬ್ಯಾರೆ ಊರಿಂದು," ಎಂದೆ. ದಡ ಮುಟ್ಟುವವರೆಗೆ ಅವರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮಾತಾಡಿಸುವುದು ಅಪಾಯ ಎಂದುಕೊಂಡರೇನೋ.

ಮನೆ ಮುಟ್ಟಿದಾಗ ರುದ್ರಮ್ಮ ಬಾಗಿಲಲ್ಲೇ ತಡೆದಳು.

"ಮೀನು?"

"ಇಲ್ಲ."

"ಚಮಚ?"

"ಅದೂ ಇಲ್ಲ."

"ಮೈ ಕೈ ಆದ್ರೂ ಎಲ್ಲಾ ಅದಾವೇನ್ರಿ?" ಎಂದಳು. ಹೇಳುತ್ತ ಹೇಳುತ್ತ ನನ್ನ ಅಂಗೈ ನೋಡಿದಳು, ಅರಿಶಿನ ತರಲು ಒಳಗೆ ಹೋದಳು.

ನಾನು ಅಕ್ಕನ ಹೊರಸಿನ ಪಕ್ಕ ಕೂತೆ. ಅವಳ ಬೆನ್ನಿಗೆ ನಡೆದದ್ದೆಲ್ಲ ವರದಿ ಒಪ್ಪಿಸಿದೆ. ಓಣಿ, ಬಾವಿ, ಸೀನು, ಮೀನು. ಬೆನ್ನು ಅಲುಗಲಿಲ್ಲ. ಗೌಡರ ಕಟ್ಟೆಯ ಮಾತಿಗೆ ಬಂದಾಗ ಅಕ್ಕ ಈ ಕಡೆ ಹೊರಳಿದಳು.

"ಏನಂದಿ?"

"ಗೌಡ್ರ ಕಟ್ಟಿ ಮ್ಯಾಲ ನಿಂತಿದ್ವಿ ಅಕ್ಕಾ. ಚಪ್ಪಲಿ ಹಾಕ್ಕೊಂಡು."

"ಚಪ್ಪಲಿ ಹಾಕ್ಕೊಂಡು!" ಅಕ್ಕನ ಹೊದಿಕೆ ಅಲುಗಾಡತೊಡಗಿತು. ಬಿಕ್ಕುತ್ತಿದ್ದಾಳೆ ಎಂದುಕೊಂಡು ರುದ್ರಮ್ಮ ಗಾಬರಿಯಿಂದ ಓಡಿ ಬಂದಳು. ಅಕ್ಕ ನಗುತ್ತಿದ್ದಳು. ಮದುವೆಯಾಗುವವರೆಗೂ ದಿನಾ ಬೆಳಗ್ಗೆ ಆ ಮನೆಯ ಅಂಗಳ ಬಳಿದವಳು ಅವಳು. ಕಟ್ಟೆಯ ಬುಡದವರೆಗೆ ಮಾತ್ರ. ಮೇಲಿನದನ್ನು ಬೇರೆ ಯಾರೋ ತೊಳೆಯುತ್ತಿದ್ದರು.

"ಕುಂತಿದ್ದೇನು?"

"ಎದಿಮಟ ನೀರು ಅಕ್ಕಾ. ಕುಂತಿದ್ರ ಮೂಗಿನ ಮ್ಯಾಲ ಬರ್ತಿತ್ತು."

"ಬರ್ಲಿ! ಒಂದು ಉಸುರು ಹಿಡದು ಕುಂದ್ರಬೇಕಿತ್ತು. ಇಷ್ಟು ವರ್ಷ ಡ್ರಿಲ್ ಮಾಸ್ತರಕಿ ಮಾಡಿ ಉಸುರು ಹಿಡಿಯಾಕ ಬರಲಿಲ್ಲೇನಲೇ? ರುದ್ರೀ, ಏನಾದ್ರೂ ತಾ, ಹಸಿವ್ಯಾಗೈತಿ. ಇವನ ಹೇಡಿತನ ಕೇಳಿ ಕೇಳಿ ಹೊಟ್ಟಿ ಉರಿಯಾಕತ್ತೈತಿ."

ಗಂಜಿ ಬಂತು. ಅಕ್ಕ ನನ್ನನ್ನು ಬೈಯುತ್ತ ಬೈಯುತ್ತ ಬಟ್ಟಲು ಖಾಲಿ ಮಾಡಿದಳು. ರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನಷ್ಟು ಬೈಸ್ಕೊಳ್ರಿ," ಎಂದು ನನಗೆ ಪಿಸುಗುಟ್ಟಿದಳು.

ಮರುದಿನವೂ ಉಂಡಳು. ಉಣ್ಣುವ ಮೊದಲು ಒಂದೇ ಪ್ರಶ್ನೆ: "ನೀರು ಇನ್ನಷ್ಟು ಇಳೀತೇನು?" ನೀರು ಇಳಿದು ಕಟ್ಟೆ ಹೊರಬಿದ್ದಾಗ ನಾನು ಹೋಗಿ ಅದರ ಮೇಲೆ ಕೂತು ಬರಬೇಕು. ಇದು ಅವಳ ಹುಕುಂ. ಮೀನಿನ ಮಾತೇ ಮರೆತಿದ್ದಳು. ಆ ಬೇಸಿಗೆ ಮಳೆ ಬಾರದಿರಲಿ ಎಂದು ಬೇಡಿಕೊಂಡವರು ಇಡೀ ಸೀಮೆಯಲ್ಲಿ ನಮ್ಮ ಮನೆಯವರು ಮಾತ್ರ!

ನೀರು ಇಳಿಯಿತು. ಕಟ್ಟೆ ಬಯಲಾಯಿತು. ಇಸ್ತ್ರಿ ಅಂಗಿ ತೊಟ್ಟು ಹೊರಟೆ. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋಗುವಷ್ಟು ಊರು ಹೊರಗೆ ಬಂದಿತ್ತು. ಊರೆಂದರೆ ಏನು, ಮೊಣಕಾಲೆತ್ತರದ ಕಲ್ಲಿನ ಸಾಲುಗಳು, ಅಷ್ಟೇ. ಒಣಗಿದ ಹುಣಸೆಮರವೊಂದನ್ನು ಬಿಟ್ಟರೆ ನಮ್ಮ ಮನೆಯ ಗುರುತೇ ಇರಲಿಲ್ಲ. ಗೌಡರ ಕಟ್ಟೆ ಮಾತ್ರ ಹಾಗೇ ಇತ್ತು. ದುರುಗಪ್ಪ ದೂರದಲ್ಲೇ ನಿಂತು, "ನೀ ಹೋಗಿ ಕುಂದ್ರು. ನಾ ಇಲ್ಲೇ ಇರ್ತೀನಿ," ಎಂದ.

ನಾನು ಕಟ್ಟೆಯ ಮುಂದೆ ಹೋಗಿ ನಿಂತೆ. ಸುತ್ತ ಮನುಷ್ಯರಿರಲಿ, ಒಂದು ನಾಯಿಯೂ ಇರಲಿಲ್ಲ. ಮೂರು ಮೆಟ್ಟಿಲು. ಕಾಲಿಗೆ ಮನಸ್ಸಿನಲ್ಲೇ ಆಜ್ಞೆ ಕೊಟ್ಟೆ: ಮುಂದೆ ನಡೆ! ಕಾಲು ಅಲುಗಲಿಲ್ಲ. ಗದರಿದೆ. ಅಲುಗಲಿಲ್ಲ. ನನ್ನ ಕೈಕೆಳಗೆ ಕಲಿತವರಲ್ಲಿ ಇಷ್ಟು ಮೊಂಡರನ್ನು ನಾನು ಕಂಡಿಲ್ಲ. ಬಿಸಿಲು ನೆತ್ತಿಗೇರುವವರೆಗೆ ಅಟೆನ್ಶನ್‌ನಲ್ಲಿ ನಿಂತಿದ್ದು ವಾಪಸು ಬಂದೆ.

ಅಕ್ಕ ಗೋಡೆಗೆ ಒರಗಿ ಕೂತು ಕಾಯುತ್ತಿದ್ದಳು. ರುದ್ರಮ್ಮ ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿದ್ದಳು.

"ಅಲ್ಲಿ ಕುಂತ್ರ ನಮ್ಮನಿ ಬಾಗಲ ಕಾಣ್ತೈತೇನಲೇ?" ಎಂದು ಕೇಳಿದಳು ಅಕ್ಕ. "ಅಂಗಳ ಬಳಿಯೋವಾಗ ದಿನಾ ಅನ್ಕೊಂತಿದ್ದೆ. ಗೌಡ್ರು ಅಲ್ಲಿ ಕುಂತು ಏನೇನು ನೋಡ್ತಾರೋ ಅಂತ."

ಇದಕ್ಕೆ ಉತ್ತರ ಗೊತ್ತಿರಬೇಕಾದರೆ ಮೂರು ಮೆಟ್ಟಿಲು ಹತ್ತಬೇಕಿತ್ತು. ನಾನು ಬಾಗಿಲು ಕಾಣುತ್ತದೆ ಎನ್ನಲೋ, ಕಾಣುವುದಿಲ್ಲ ಎನ್ನಲೋ ಎಂದು ಯೋಚಿಸುತ್ತ ನಿಂತೆ. ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹೋಗ್ಲಿ ಬಿಡು," ಎಂದಳು ಕೊನೆಗೆ. "ನಾನಾಗಿದ್ರೂ ಕುಂದ್ರತಿದ್ದಿಲ್ಲ."

ರುದ್ರಮ್ಮ ಚಮಚ ಮುಂದೆ ಹಿಡಿದಳು. ನನ್ನ ಮನಸ್ಸು ನೋಯಬಾರದೆಂದೋ ಏನೋ, ಅಕ್ಕ ಒಂದು ತುತ್ತು ನುಂಗಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ಮೊದಲ ಮಳೆ ಬೀಳುವಷ್ಟರಲ್ಲಿ ಆ ಹೊರಸನ್ನು ಎತ್ತಿ ಹೊರಗಿಟ್ಟೆವು. ಡಾಕ್ಟರ ಮಾತು ಸುಳ್ಳಾಗಲಿಲ್ಲ.

ಈಗ ಡ್ಯಾಮು ಮತ್ತೆ ತುಂಬಿದೆ. ನನ್ನ ಬಾಳೆಮೀನು, ಬಾಯಲ್ಲಿ ಚಮಚ ಸಿಕ್ಕಿಸಿಕೊಂಡು, ಮುಳುಗಿದ ನಮ್ಮೂರಲ್ಲೇ ಎಲ್ಲೋ ಇರಬೇಕು. ಬೇಕೆಂದಾಗ ಓಣಿ ಬಿಟ್ಟು ಅಡ್ಡ ಹಾಯುತ್ತದೆ. ಬೇಕೆಂದಾಗ ಗೌಡರ ಕಟ್ಟೆಯ ಮೇಲೆ ಹೊಟ್ಟೆ ಊರಿ ಮಲಗುತ್ತದೆ. ಅದಕ್ಕೆ ಯಾರೂ ಡ್ರಿಲ್ ಕಲಿಸಿಲ್ಲ!